ಸ್ನಾನ ಮಗುವಿಗೆ, ಜ್ಞಾನ ಯಾರಿಗೆ?

‘ಶಾಸ್ತ್ರ’ ಎಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಎರಡು ಬಾಳುಗಳಿವೆ. ಒಂದು ಪಂಡಿತರಲ್ಲಿ, ಇನ್ನೊಂದು ಮನೆಗಳಲ್ಲಿ. ಪಂಡಿತರ ಶಾಸ್ತ್ರ ವಿಧಿಸುತ್ತದೆ, ವಿವರಿಸುತ್ತದೆ, ಬುದ್ಧಿಗೆ ಬೆಳಕನ್ನು ಕೊಡುತ್ತದೆ. ಮನೆಯ ಶಾಸ್ತ್ರವಾದರೋ ಹೇಗಾದರೂ ಮಾಡಿ ಮುಗಿಸತಕ್ಕದ್ದು. “ಶಾಸ್ತ್ರಕ್ಕೆ ಎರಡು ತುತ್ತು ತಿಂದೆ”, “ಶಾಸ್ತ್ರಕ್ಕೆ ಹೋಗಿ ಮುಖ ತೋರಿಸಿ ಬಂದೆ” ಎನ್ನುತ್ತೇವೆ. ಅಷ್ಟು ಎತ್ತರದ ಮಾತು ಇಷ್ಟು ಕೆಳಕ್ಕೆ ಇಳಿದುದನ್ನು ಹೀನಾರ್ಥಪ್ರಾಪ್ತಿಗೆ ಉದಾಹರಣೆಯಾಗಿ ನಾನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಆದರೆ ಆ ಇಳಿತ ಎಂಥದೆಂದು ನನ್ನ ಮನಸ್ಸಿಗೆ ತಟ್ಟಿದ್ದು ಕಾಲೇಜಿನಲ್ಲಿ ಅಲ್ಲ. ಹಳೆಯ ಮೈಸೂರು ಸೀಮೆಯ ಒಂದು ಕಥೋಲಿಕ ದೇವಾಲಯದ ಪಕ್ಕದ ಕೋಣೆಯಲ್ಲಿ, ಒಂದು ಶನಿವಾರದ ಸಂಜೆ, ಜ್ಞಾನಸ್ನಾನದ ಸಿದ್ಧತೆಗೆಂದು ಕರೆದಿದ್ದ ತರಗತಿಯಲ್ಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಚೊಚ್ಚಲ ಮಗುವಿಗೆ ನಾನು ಜ್ಞಾನತಂದೆಯಾಗಬೇಕೆಂದು ಕೇಳಿಕೊಂಡಿದ್ದ. ನಾನೂ ಅದೇ ಮತದಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಒಪ್ಪಿದೆ. ಅವನ ಮನೆಯ ಮಾತು ಕನ್ನಡ; ಹೆಂಡತಿ ಕರಾವಳಿಯ ಕಡೆಯವಳು, ಅವಳ ತವರಿನ ಮಾತು ಕೊಂಕಣಿ. ಮನೆಯಲ್ಲಿ ಸಿದ್ಧತೆಗೆ ಕೊರತೆಯಿರಲಿಲ್ಲ. ಬಿಳಿಯ ಉಡುಪು ಬಂದಿತ್ತು, ಊಟದ ಹಾಲು ಗೊತ್ತಾಗಿತ್ತು, ಛಾಯಾಗ್ರಾಹಕ ಮುಂಗಡ ಹಣ ಪಡೆದಿದ್ದ. ಉಳಿದದ್ದು ಈ ತರಗತಿಯೊಂದೇ. ಇಪ್ಪತ್ತು ವರ್ಷ ಹಲಗೆಯ ಮುಂದೆ ನಿಂತವನು ಅಂದು ಬೆಂಚಿನ ಮೇಲೆ ಕುಳಿತೆ. ನನ್ನ ಪಕ್ಕದಲ್ಲಿ ಮಗುವಿನ ಮುತ್ತಜ್ಜಿ.

ಗುರುಗಳು ಸಂಸ್ಕಾರದ ಪುಸ್ತಕವನ್ನು ತೆರೆದು ಹೇಳಿದರು: “ನಾಳೆ ನಾನು ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ, ಮಗುವಿಗಾಗಿ ಏನು ಬೇಡುತ್ತೀರಿ ಎಂದು ಕೇಳುತ್ತೇನೆ. ಏನು ಹೇಳುತ್ತೀರಿ?” ನನ್ನ ಶಿಷ್ಯ ಕ್ಷಣವೂ ತಡೆಯದೆ, “ಇಂಗ್ಲಿಷ್ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನೇ ಓದುತ್ತೇವೆ, ಫಾದರ್. ಶಾಸ್ತ್ರಕ್ಕೆ ಅಷ್ಟು ಸಾಕಲ್ಲವಾ?” ಎಂದ. ಅದರಲ್ಲಿ ಉದ್ಧಟತನವಿರಲಿಲ್ಲ, ವಿನಯವೇ ಇತ್ತು. ಎಲ್ಲರೂ ನಕ್ಕರು, ಗುರುಗಳೂ ನಕ್ಕರು. ಆಮೇಲೆ ಅವರು ಪುಸ್ತಕವನ್ನು ಮುಚ್ಚಿ, ಮುತ್ತಜ್ಜಿಯ ಕಡೆ ತಿರುಗಿ, “ಅಜ್ಜಿ, ನಿಮ್ಮ ಮೊದಲ ಮಗುವಿಗೆ ಜ್ಞಾನಸ್ನಾನವಾದಾಗ ನೀವು ಏನು ಹೇಳಿದಿರಿ?” ಎಂದು ಕೇಳಿದರು.

“ನಾನೆಲ್ಲಿ ಹೋಗಿದ್ದೆ, ಸ್ವಾಮಿ? ಬಾಣಂತಿ. ಹುಟ್ಟಿದ ಐದನೆಯ ದಿನ ನಮ್ಮತ್ತೆ ಎತ್ತಿಕೊಂಡು ಹೋದರು. ಅಲ್ಲಿ ಯಾರು ಏನು ಕೇಳಿದರೋ, ಯಾರು ಏನು ಹೇಳಿದರೋ! ಮನೆಗೆ ಬಂದಾಗ ಕೂಸಿನ ತಲೆ ಒದ್ದೆಯಾಗಿತ್ತು. ನನಗೆ ಗೊತ್ತಿರೋದು ಅಷ್ಟೇ” ಎಂದರು ಆಕೆ.

ಈ ಎರಡು ಮಾತುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ನನಗೆ ತೋರಿದುದನ್ನು ಬರೆಯುವುದೇ ಈ ಲೇಖನದ ಉದ್ದೇಶ. ಮುತ್ತಜ್ಜಿಗೆ ಉತ್ತರ ಹೇಳುವ ಅವಕಾಶವೇ ಇರಲಿಲ್ಲ. ಮೊಮ್ಮಗನಿಗೆ ಅವಕಾಶವಿತ್ತು, ಉತ್ತರ ಬೇಡವಾಗಿತ್ತು.

ಮೊದಲು ಹೆಸರನ್ನೇ ನೋಡೋಣ. ಈ ಸಂಸ್ಕಾರಕ್ಕೆ ಕನ್ನಡದಲ್ಲಿ ಮೂರು ಹೆಸರುಗಳು ಬಳಕೆಯಲ್ಲಿವೆ. ಕಥೋಲಿಕರ ಮನೆಗಳಲ್ಲಿ ಹಿಂದಿನಿಂದ ಬಂದದ್ದು ‘ಜ್ಞಾನಸ್ನಾನ’. ಹಳೆಯ ಕನ್ನಡ ಬೈಬಲಿನಲ್ಲಿ ಕಾಣುವುದು ‘ದೀಕ್ಷಾಸ್ನಾನ’. ಈಚಿನ ಸರಳ ಕನ್ನಡದ ಬೈಬಲು ‘ಸ್ನಾನದೀಕ್ಷೆ’ ಎಂದಿತು. ಮೂಲದ ಗ್ರೀಕ್ ಶಬ್ದಕ್ಕೆ ಮುಳುಗಿಸುವುದು ಎಂದಷ್ಟೇ ಅರ್ಥ. ಅದನ್ನು ಕನ್ನಡಿಸಿದವರು ಮೂರು ಬಗೆಯಾಗಿ ಯೋಚಿಸಿದರು. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥಕ್ಕೇ ಪ್ರಾಧಾನ್ಯವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ದೀಕ್ಷಾಸ್ನಾನವೆಂದರೆ ದೀಕ್ಷೆಗಾಗಿ ಮಾಡುವ ಸ್ನಾನ. ಅಲ್ಲಿ ನೀರು ಮುಖ್ಯ. ಸ್ನಾನದೀಕ್ಷೆಯೆಂದರೆ ಸ್ನಾನದಿಂದ ಆಗುವ ದೀಕ್ಷೆ. ಅಲ್ಲಿ ನೀರು ಸಾಧನ, ದೀಕ್ಷೆ ಮುಖ್ಯ. ಪದಗಳ ಸ್ಥಾನವನ್ನು ಅದಲುಬದಲು ಮಾಡಿದ ಮಾತ್ರಕ್ಕೆ ಒಂದು ದೇವಶಾಸ್ತ್ರದ ಒತ್ತು ಬದಲಾಯಿತು.

ದೀಕ್ಷೆ ಎಂಬ ಮಾತು ಕನ್ನಡಿಗನಿಗೆ ಹೊಸದಲ್ಲ. ಜೈನರಲ್ಲಿ ಅದು ಸಂಸಾರವನ್ನು ತೊರೆಯುವ ವ್ರತ. ವೀರಶೈವರ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಗುರುವಿನ ಕೈಯಿಂದ ಲಿಂಗಧಾರಣೆ ಮಾಡಿಸಿ, ತಿಳಿವಳಿಕೆ ಬಂದ ಮೇಲೆ ದೀಕ್ಷೆ ಕೊಡಿಸುವ ರೂಢಿಯುಂಟು. ಕಥೋಲಿಕರಲ್ಲಿಯೂ ಶಿಶುವಿಗೆ ನೀರಿನ ಸಂಸ್ಕಾರವಾಗಿ, ಬೆಳೆದ ಮೇಲೆ ದೃಢೀಕರಣವೆಂಬ ಇನ್ನೊಂದು ಸಂಸ್ಕಾರವಾಗುತ್ತದೆ. ಎರಡೂ ಕಡೆ ಒಂದು ನಂಬುಗೆ ಕೆಲಸ ಮಾಡುತ್ತಿದೆ: ಮಗು ತಿಳಿಯುವ ಮೊದಲೇ ಅದನ್ನು ಒಂದು ಬಾಳಿನೊಳಕ್ಕೆ ಎತ್ತಿಕೊಳ್ಳಬಹುದು, ತಿಳಿವನ್ನು ಆಮೇಲೆ ತುಂಬಬಹುದು. ತುಂಬುವವರು ಇದ್ದಾರೆಂಬ ಭರವಸೆ ಮಾತ್ರ ಬೇಕು.

ಹಾಗಾದರೆ ‘ಜ್ಞಾನಸ್ನಾನ’ದಲ್ಲಿರುವ ಜ್ಞಾನ ಯಾರದು? ತೊಟ್ಟಿಲ ಕೂಸಿಗೆ ಹಸಿವು ನಿದ್ರೆಗಳಲ್ಲದೆ ಬೇರೆ ಜ್ಞಾನವಿಲ್ಲ. ಈ ಹೆಸರು ತಪ್ಪೆಂದು ಹೇಳುವವರನ್ನು ನಾನು ಕಂಡಿದ್ದೇನೆ. ನನಗೆ ಹಾಗೆ ತೋರುವುದಿಲ್ಲ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿಯೇ ಜಸ್ಟಿನ್ ಎಂಬ ರಕ್ತಸಾಕ್ಷಿ ಈ ಸಂಸ್ಕಾರವನ್ನು ‘ಬೆಳಕು ಪಡೆಯುವುದು’ ಎಂದು ಕರೆದಿದ್ದಾನೆ. ಆ ಕಾಲದಲ್ಲಿ ಬಹುಮಟ್ಟಿಗೆ ದೊಡ್ಡವರೇ ಕಲಿತು, ಒಪ್ಪಿ, ನೀರಿಗೆ ಇಳಿಯುತ್ತಿದ್ದರು. ಶಿಶುವನ್ನು ತಂದಾಗ ನೀರು ಶಿಶುವಿಗಾಯಿತು. ಜ್ಞಾನದ ಹೊಣೆ ಎತ್ತಿಕೊಂಡು ಬಂದವರಿಗಾಯಿತು. ಸಮಾಸದ ಪೂರ್ವಪದ ಹೆತ್ತವರಿಗೆ, ಉತ್ತರಪದ ಮಗುವಿಗೆ ಎಂದು ಹಂಚಿಕೊಟ್ಟರೆ ವ್ಯಾಕರಣ ಕೆಟ್ಟೀತು, ಅರ್ಥ ಕೆಡಲಾರದು.

ಆದರೆ ಬಹುಕಾಲ ಸಂಸ್ಕಾರದ ವಿಧಿಯೇ ಈ ಹಂಚಿಕೆಯನ್ನು ಸ್ಪಷ್ಟವಾಗಿ ಹೇಳಿರಲಿಲ್ಲ. ದೊಡ್ಡವರಿಗೆಂದು ಹುಟ್ಟಿದ ವಿಧಿಯನ್ನೇ ಮೊಟಕುಮಾಡಿ ಶಿಶುಗಳಿಗೆ ಬಳಸುತ್ತಿದ್ದರು. ಗುರು ಪ್ರಶ್ನೆ ಕೇಳುತ್ತಿದ್ದುದು ಮಾತು ಬಾರದ ಮಗುವನ್ನು. ಉತ್ತರ ಹೇಳುತ್ತಿದ್ದುದು ಮಗುವಿನ ಬಾಯಾಗಿ ಜ್ಞಾನತಂದೆ, ಜ್ಞಾನತಾಯಿ. ನಾಲಗೆಗೆ ಉಪ್ಪಿಡುವುದೂ ಅದರಲ್ಲಿತ್ತು. ಮುಖ್ಯ ಮಾತುಗಳು ಲ್ಯಾಟಿನ್ನಿನಲ್ಲಿದ್ದವು. 1917ರ ಧರ್ಮಸಭೆಯ ಕಾನೂನು ಶಿಶುವಿಗೆ ಆದಷ್ಟು ಬೇಗ ಸ್ನಾನವಾಗಬೇಕೆಂದು ವಿಧಿಸಿತ್ತು. ಬಾಣಂತಿ ಎದ್ದು ಓಡಾಡುವವರೆಗೆ ಕಾಯುವಂತಿರಲಿಲ್ಲ. ಹೀಗಾಗಿ ಹೆತ್ತ ತಾಯಿ ತನ್ನ ಮಗುವಿನ ಎರಡನೆಯ ಹುಟ್ಟಿಗೆ ಅನೇಕ ವೇಳೆ ಹೊರಗಿನವಳಾದಳು. ನಮ್ಮ ಮುತ್ತಜ್ಜಿಯ ಅನುಭವ ಅವರೊಬ್ಬರದಲ್ಲ; ಒಂದು ಕಾಲದ್ದು.

1962ರಿಂದ 1965ರವರೆಗೆ ನಡೆದ ವ್ಯಾಟಿಕನ್ನಿನ ಎರಡನೆಯ ಮಹಾಸಭೆ ಇದನ್ನು ತಿದ್ದಿತು. ಸ್ನಾನ ಪಡೆಯುವವರು ಶಿಶುಗಳೆಂಬ ನಿಜಸ್ಥಿತಿಗೆ ವಿಧಿ ಹೊಂದಿಕೊಳ್ಳಬೇಕು, ತಂದೆತಾಯಿಗಳ ಮತ್ತು ಜ್ಞಾನಮಾತಾಪಿತರ ಪಾತ್ರ ವಿಶದವಾಗಬೇಕು ಎಂದು 1963ರ ಆರಾಧನಾವಿಧಿಯ ಶಾಸನದಲ್ಲಿ ಹೇಳಿತು. ಅದರಂತೆ 1969ರಲ್ಲಿ ಶಿಶುಗಳಿಗೆಂದೇ ರಚಿತವಾದ ಹೊಸ ವಿಧಿ ಹೊರಬಿತ್ತು. ಗುರು ಈಗ ಶಿಶುವನ್ನು ಏನೂ ಕೇಳುವುದಿಲ್ಲ. ಬಾಗಿಲಲ್ಲಿ ತಂದೆತಾಯಿಗಳನ್ನು ಕೇಳುತ್ತಾನೆ: ಈ ಮಗುವಿಗೆ ಏನೆಂದು ಹೆಸರಿಟ್ಟಿದ್ದೀರಿ, ಇದಕ್ಕಾಗಿ ಏನು ಬೇಡುತ್ತೀರಿ, ಬೆಳೆಸುವ ಹೊಣೆಯನ್ನು ಅರಿತಿದ್ದೀರಾ? ಆಮೇಲೆ ಗುರು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತನ್ನು ಮಾಡಿದಂತೆ ಅವರೂ ಮಾಡುತ್ತಾರೆ. ನೀರಿನ ಬಳಿಗೆ ಹೋದ ಮೇಲೆ ಪಾಪವನ್ನು ತೊರೆಯುತ್ತೀರಾ, ನಂಬುತ್ತೀರಾ ಎಂಬ ಪ್ರಶ್ನೆಗಳು ಬರುತ್ತವೆ. ಅವಕ್ಕೆ ಅವರು ಮಗುವಿನ ಬಾಯಾಗಿ ಅಲ್ಲ, ತಮ್ಮ ತಮ್ಮ ಹೆಸರಿನಲ್ಲಿ ಉತ್ತರಿಸಬೇಕು. ಮೂರು ಬಾರಿ ನೀರೆರೆದು, ನೆತ್ತಿಗೆ ಪರಿಮಳ ತೈಲ ಹಚ್ಚಿ, ಬಿಳಿಯ ವಸ್ತ್ರ ಹೊದಿಸಿದ ಮೇಲೆ ಪಾಸ್ಖದ ದೊಡ್ಡ ಮೊಂಬತ್ತಿಯಿಂದ ಒಂದು ಚಿಕ್ಕ ಮೊಂಬತ್ತಿಯನ್ನು ಹೊತ್ತಿಸಿ ಕೊಡುತ್ತಾರೆ. ಅದನ್ನು ಹಿಡಿಯುವ ಕೈ ಶಿಶುವಿನದಲ್ಲ, ಹಿರಿಯರದು. ಆರದಂತೆ ನೋಡಿಕೊಳ್ಳಬೇಕಾದವರೂ ಅವರೇ. ಕಡೆಯಲ್ಲಿ ತಾಯಿಗೆ ಒಂದು ಆಶೀರ್ವಾದ, ತಂದೆಗೆ ಒಂದು ಆಶೀರ್ವಾದ ಇವೆ.

ವಿಧಿ ಹೀಗೆ ಬದಲಾದ ಮೇಲೆ ಸಿದ್ಧತೆಯ ತರಗತಿ ಅನಿವಾರ್ಯವಾಯಿತು. 1983ರ ಕಾನೂನು ಸಂಹಿತೆ ಇದನ್ನು ಬಾಯಿಬಿಟ್ಟು ಹೇಳಿದೆ: ತಂದೆತಾಯಿಗಳಿಗೂ ಜ್ಞಾನಮಾತಾಪಿತರಿಗೂ ಈ ಸಂಸ್ಕಾರದ ಅರ್ಥವನ್ನೂ ಅದರಿಂದ ಬರುವ ಹೊಣೆಗಳನ್ನೂ ತಿಳಿಸಿಕೊಡಬೇಕು. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಮಗುವಿಗೆ ಸ್ನಾನವಾಗಬೇಕು. ತಂದೆತಾಯಿಗಳಲ್ಲಿ ಒಬ್ಬರಾದರೂ ಒಪ್ಪಿರಬೇಕು. ಮಗು ಆ ಧರ್ಮದಲ್ಲಿ ಬೆಳೆದೀತೆಂಬ ಆಧಾರವುಳ್ಳ ಭರವಸೆ ಇರಬೇಕು; ಅಂಥ ಭರವಸೆ ಸ್ವಲ್ಪವೂ ಇಲ್ಲದಿದ್ದರೆ ಸಂಸ್ಕಾರವನ್ನು ಮುಂದಕ್ಕೆ ಹಾಕಬೇಕು, ಕಾರಣವನ್ನು ಹೆತ್ತವರಿಗೆ ತಿಳಿಸಬೇಕು. ಜ್ಞಾನತಂದೆಯಾಗುವವನಿಗೆ ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು. ಅವನಿಗೆ ದೃಢೀಕರಣವಾಗಿರಬೇಕು, ಪರಮಪ್ರಸಾದ ಪಡೆದಿರಬೇಕು, ಆ ವಿಶ್ವಾಸಕ್ಕೆ ತಕ್ಕಂತೆ ಬಾಳುತ್ತಿರಬೇಕು. ಒಬ್ಬರಿದ್ದರೂ ಸಾಕು, ಇಬ್ಬರಿದ್ದರೆ ಒಬ್ಬ ಗಂಡು, ಒಬ್ಬ ಹೆಣ್ಣು.

ಆದರೆ ನಾವು ಜ್ಞಾನತಂದೆಯನ್ನು ಆರಿಸುವ ಬಗೆ ಎಂಥದು? ದುಬೈಯಲ್ಲಿರುವ ಮಾವ, ಹೊಸದಾಗಿ ಸಂಬಂಧ ಬೆಳೆಸಬೇಕಾದ ಷಡ್ಡಕ, ಚಿನ್ನದ ಸರ ಕೊಡಬಲ್ಲ ಅತ್ತೆ. ನನ್ನನ್ನು ಆರಿಸಿದ್ದೂ ಹೆಚ್ಚು ಬೇರೆಯಲ್ಲ. ನಾನು ಅವನಿಗೆ ಮೇಷ್ಟ್ರು ಎಂಬುದಕ್ಕೆ. ಕನ್ನಡ ಹೇಳಿಕೊಟ್ಟವನು ದೇವರನ್ನೂ ಹೇಳಿಕೊಡಬಲ್ಲನೆಂದು ಅವನು ಎಣಿಸಿದನೋ, ಫೋಟೋದಲ್ಲಿ ಗುರುಗಳ ಪಕ್ಕದಲ್ಲಿ ಒಬ್ಬ ಕನ್ನಡಕದ ಗೃಹಸ್ಥನಿರಲಿ ಎಂದು ಎಣಿಸಿದನೋ ತಿಳಿಯೆ. ‘ಆ ವಿಶ್ವಾಸಕ್ಕೆ ತಕ್ಕಂತೆ ಬಾಳುತ್ತಿರಬೇಕು’ ಎಂಬ ವಾಕ್ಯವನ್ನು ಗುರುಗಳು ಓದಿದಾಗ ನಾನು ನೆಲವನ್ನು ನೋಡುತ್ತಿದ್ದೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಕೃಪೆಯೆಂಬುದು ಕೇಳದೆ ಬರುವ ಮಳೆಯಂತೆ. ಅದಕ್ಕೆ ಹೆತ್ತವರಿಗೆ ಪರೀಕ್ಷೆ ಏತಕ್ಕೆ? ಓದುಬರಹವಿಲ್ಲದ ಕೂಲಿಯವನ ಮಗುವನ್ನು, ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಂದು ತವರಿನ ಧರ್ಮಕೇಂದ್ರದಿಂದ ಪತ್ರ ತರಲಾರದವನ ಮಗುವನ್ನು, ಮದುವೆಯಾಗದ ತಾಯಿಯ ಮಗುವನ್ನು ತರಗತಿಯ ನೆಪದಲ್ಲಿ ಬಾಗಿಲಲ್ಲೇ ನಿಲ್ಲಿಸಿದರೆ ಅದು ಧರ್ಮವೆ? ಈ ಆಕ್ಷೇಪಣೆ ಹಗುರವಾದುದಲ್ಲ. ಅಂಥ ಸಂಗತಿಗಳು ನಡೆದಿವೆ, ನಡೆಯುತ್ತಲೂ ಇವೆ. ದಿವಂಗತ ಪೋಪ್ ಫ್ರಾನ್ಸಿಸರು ಮದುವೆಯಾಗದ ತಾಯಂದಿರ ಮಕ್ಕಳಿಗೆ ಸ್ನಾನ ನಿರಾಕರಿಸುವ ಗುರುಗಳನ್ನು ಬಹಿರಂಗವಾಗಿಯೇ ಖಂಡಿಸಿದ್ದರು. 2014ರ ಜನವರಿಯಲ್ಲಿ ಸಿಸ್ಟೀನ್ ದೇವಾಲಯದಲ್ಲಿ ಅವರು ಸ್ನಾನ ಕೊಟ್ಟ ಶಿಶುಗಳಲ್ಲಿ, ಚರ್ಚಿನಲ್ಲಿ ಮದುವೆಯಾಗಿರದ ದಂಪತಿಗಳ ಮಗುವೂ ಒಂದು.

ಧರ್ಮಸಭೆಯ ಸಂಪ್ರದಾಯವನ್ನೇ ಕೇಳಿದರೆ ಅದು ಎಂದೂ ಇಷ್ಟು ಬಿಗಿಯಾಗಿರಲಿಲ್ಲ. ಮಗು ಸಾಯುವ ಸ್ಥಿತಿಯಲ್ಲಿದ್ದರೆ ಯಾರು ಬೇಕಾದರೂ ಸ್ನಾನ ಕೊಡಬಹುದು: ಸೂಲಗಿತ್ತಿ, ದಾದಿ, ಕ್ರೈಸ್ತರಲ್ಲದವರು ಕೂಡ. ಬೇಕಾದುದು ನಿಜವಾದ ನೀರು, ಸರಿಯಾದ ಮಾತು, ಧರ್ಮಸಭೆ ಮಾಡುವುದನ್ನೇ ಮಾಡಬೇಕೆಂಬ ಸಂಕಲ್ಪ, ಇಷ್ಟೇ. ಸ್ನಾನವಿಲ್ಲದೆ ಸತ್ತ ಶಿಶುಗಳ ಗತಿಯೇನೆಂಬ ಭಯ ನಮ್ಮ ಅಜ್ಜಿಯರನ್ನು ಶತಮಾನಗಳ ಕಾಲ ಕಾಡಿತು. ಐದನೆಯ ದಿನವೇ ಓಡುತ್ತಿದ್ದುದಕ್ಕೆ ಅದೂ ಕಾರಣ. ಅಂಥ ಶಿಶುಗಳೂ ದೇವರ ರಕ್ಷಣೆಯನ್ನು ಪಡೆಯುವವೆಂದು ಆಶಿಸಲು ಬಲವಾದ ಆಧಾರಗಳಿವೆಯೆಂದು ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ 2007ರಲ್ಲಿ ಪ್ರಕಟಿಸಿದ ಬರಹದಲ್ಲಿ ಹೇಳಿದ ಮೇಲೆ ಆ ಭಯವೂ ಸಡಿಲವಾಗಿದೆ.

ಹಾಗಿದ್ದರೆ ತರಗತಿ ಕೃಪೆಗೆ ತೆರುವ ಸುಂಕವಲ್ಲ ಎಂದಾಯಿತು. ಅದು ಕೃಪೆಯ ಆಮೇಲಿನ ಮಾತಿಗೆ, ಮುಂದಿನ ಇಪ್ಪತ್ತು ವರ್ಷಗಳಿಗೆ. ಭಯ ಹೋದ ಮೇಲೆ ಉಳಿಯುವುದು ಎರಡೇ: ಅರ್ಥ ಅಥವಾ ಆಡಂಬರ. ಭಯದಿಂದ ಓಡಿದ ಅಜ್ಜಿಗೆ ಅರ್ಥ ತಿಳಿಯದಿದ್ದರೂ ತನ್ನ ಕೂಸಿಗೆ ಏನೋ ದೊಡ್ಡದು ಆಗುತ್ತಿದೆ ಎಂಬ ಗಾಂಭೀರ್ಯವಿತ್ತು. ನಮಗೆ ಆ ಭಯವಿಲ್ಲ. ಅರ್ಥವನ್ನೂ ಬಿಟ್ಟರೆ ಊಟದ ಹಾಲು, ಛಾಯಾಗ್ರಾಹಕ ಇವಿಷ್ಟೇ ಉಳಿಯುತ್ತವೆ. ಬಡವನನ್ನು ಬಾಗಿಲಲ್ಲಿ ನಿಲ್ಲಿಸುವ ತರಗತಿ ಎಷ್ಟು ಕೆಟ್ಟದ್ದೋ, ಉಳ್ಳವನಿಗೆ ಹಾಜರಿ ಹಾಕಿ ಕಳುಹಿಸುವ ತರಗತಿಯೂ ಅಷ್ಟೇ ಕೆಟ್ಟದ್ದು. ಮೊದಲನೆಯದು ಕೃಪೆಯನ್ನು ಅಳೆಯುತ್ತದೆ; ಎರಡನೆಯದು ಮಾತನ್ನು ಕೊಲ್ಲುತ್ತದೆ.

ಮಾತು ಎಂದೆನಷ್ಟೆ. ಈ ಸಂಸ್ಕಾರದಲ್ಲಿ ಮಾತಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಈಚಿನ ಒಂದು ಉದಾಹರಣೆ ಕೊಡುತ್ತೇನೆ. ಕೆಲವೆಡೆ ಗುರುಗಳು ಎಲ್ಲರನ್ನೂ ಒಳಗೊಳ್ಳುವ ಸದುದ್ದೇಶದಿಂದ, ಸ್ನಾನ ಕೊಡುವಾಗ ‘ನಾನು’ ಎನ್ನುವ ಬದಲು ‘ನಾವು’ ಎಂದು ಹೇಳತೊಡಗಿದ್ದರು. 2020ರ ಆಗಸ್ಟಿನಲ್ಲಿ ವ್ಯಾಟಿಕನ್ ಇದನ್ನು ವಿಚಾರಿಸಿ, ಹಾಗೆ ಕೊಟ್ಟ ಸ್ನಾನ ಸ್ನಾನವೇ ಅಲ್ಲ, ಅಂಥವರಿಗೆ ಮೊದಲಿನಿಂದ ಕೊಡಬೇಕು ಎಂದು ತೀರ್ಮಾನಿಸಿತು. ಸ್ನಾನ ಕೊಡುವವನು ಕ್ರಿಸ್ತನೇ. ಗುರು ಅವನ ಬದಲಿಗೆ ನಿಂತು ‘ನಾನು’ ಎನ್ನುತ್ತಾನೆ. ನೆರೆದ ಮಂದಿ ಆ ಮಾತನ್ನು ತಮ್ಮದಾಗಿಸಿಕೊಳ್ಳಲು ಬಾರದು ಎಂಬುದು ಅದರ ವಾದ. ಹೊರಗಿನವರಿಗೆ ಇದು ಕೂದಲು ಸೀಳುವ ಕೆಲಸವಾಗಿ ಕಂಡೀತು. ವ್ಯಾಕರಣ ಹೇಳುವವನಿಗೆ ಹಾಗೆ ಕಾಣಲಾರದು. ಕನ್ನಡದಲ್ಲಂತೂ ಸರ್ವನಾಮವನ್ನು ಬಿಟ್ಟರೂ ಕ್ರಿಯಾಪದವೇ ಕರ್ತೃವನ್ನು ಹೇಳಿಬಿಡುತ್ತದೆ: ‘ಕೊಡುತ್ತೇನೆ’ ಎಂದರೆ ಒಬ್ಬ, ‘ಕೊಡುತ್ತೇವೆ’ ಎಂದರೆ ಹಲವರು. ‘ನೆ’ ಹೋಗಿ ‘ವೆ’ ಬಂದರೆ ಸಂಸ್ಕಾರವೇ ನಿಲ್ಲುವುದಿಲ್ಲ!

ಗುರುವಿನ ಒಂದು ಅಕ್ಷರಕ್ಕೆ ಇಷ್ಟು ಬೆಲೆಯಿದ್ದರೆ ಹೆತ್ತವರ ಉತ್ತರಕ್ಕೆ ಬೆಲೆ ಬೇಡವೆ? ಅವರ ಉತ್ತರವೂ ಏಕವಚನದ್ದೇ. ನಂಬುತ್ತೀರಾ ಎಂಬ ಪ್ರಶ್ನೆಗೆ ಪ್ರತಿಯೊಬ್ಬನೂ ‘ನಂಬುತ್ತೇನೆ’ ಎನ್ನಬೇಕು. ಪ್ರತಿಯೊಬ್ಬನೂ ತನ್ನ ‘ನೆ’ಯನ್ನು ನುಡಿದ ಮೇಲೆಯೇ ಅದು ಧರ್ಮಸಭೆಯ ‘ನಮ್ಮ ನಂಬಿಕೆ’ ಎಂಬ ಬಹುವಚನವಾಗುವುದು. ಈ ಕ್ರಮ ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ ಧರ್ಮದ ಮಾತನ್ನು ‘ನಾವು’ ಎಂದು ಆರಂಭಿಸುವವರು ಬಹುಮಂದಿ. ‘ನಾನು’ ಎಂದು ಆರಂಭಿಸುವವರು ಕಡಮೆ.

ಇನ್ನು ಆ ‘ನಂಬುತ್ತೇನೆ’ಯನ್ನು ಯಾವ ನುಡಿಯಲ್ಲಿ ಹೇಳಬೇಕು? ಕರ್ನಾಟಕದ ಕಥೋಲಿಕರಲ್ಲಿ ಭಾಷೆಯ ಜಗಳ ಹಳೆಯದು. ಪೂಜೆ ಲ್ಯಾಟಿನ್ನಿನಿಂದ ದೇಶಭಾಷೆಗಳಿಗೆ ಬಂದಂದಿನಿಂದ ಕನ್ನಡವೆ, ತಮಿಳೆ, ಕೊಂಕಣಿಯೆ, ಇಂಗ್ಲಿಷೆ ಎಂದು ವಾದಗಳಾಗಿವೆ. ಬೆಂಗಳೂರಿನಲ್ಲಿ ಬೀದಿಗೂ ಬಂದಿವೆ. ನಾನು ಕನ್ನಡದ ಅಧ್ಯಾಪಕ. ಕನ್ನಡ ನೆಲದ ದೇವಾಲಯಗಳಲ್ಲಿ ಕನ್ನಡಕ್ಕೆ ಅದರ ಸ್ಥಾನ ದೊರೆಯಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ ಕನ್ನಡವನ್ನು ಕಲಿತು ಅದರಲ್ಲಿ ಧರ್ಮೋಪದೇಶದ ಬರಹಗಳನ್ನು ಮಾಡಿದ. 1861ರಲ್ಲಿ ಬೆಂಗಳೂರಿನಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಅಚ್ಚಾಯಿತು. ವಿಧಿ ಲ್ಯಾಟಿನ್ನಿನಲ್ಲಿದ್ದ ಕಾಲದಲ್ಲಿಯೂ ಉಪದೇಶ ಜನರ ನುಡಿಯಲ್ಲಿರಬೇಕೆಂದು ಆ ಪರದೇಶಿಗಳು ಅರಿತಿದ್ದರು. ನಾವಾದರೋ ವಿಧಿ ನಮ್ಮ ನುಡಿಗೆ ಬಂದ ಮೇಲೆ ಉಪದೇಶವನ್ನು ಇಂಗ್ಲಿಷಿಗೆ ಒಯ್ಯುತ್ತಿದ್ದೇವೆ.

ಆದರೆ ಇಲ್ಲಿ ನಾನು ಹೇಳುವುದು ಆ ಜಗಳಕ್ಕಿಂತ ಚಿಕ್ಕ ಮಾತು, ಹೆಚ್ಚು ಹತ್ತಿರದ ಮಾತು. ಮನುಷ್ಯ ಆಣೆಯಿಡುವುದು, ಅಳುವುದು, ಮಗುವನ್ನು ಮುದ್ದಿಸುವುದು ಯಾವ ನುಡಿಯಲ್ಲೋ ಆ ನುಡಿಯಲ್ಲಿ ಅವನು ಸುಲಭವಾಗಿ ಸುಳ್ಳು ಹೇಳಲಾರ. ಎರಡು ಮನೆಯ ಎರಡು ಮಾತು. ಆದ್ದರಿಂದ ನಡುವೆ ಇಂಗ್ಲಿಷ್ ಇರಲಿ ಎಂದು ನನ್ನ ಶಿಷ್ಯನೂ ಅವನ ಹೆಂಡತಿಯೂ ಒಪ್ಪಂದ ಮಾಡಿಕೊಂಡಿದ್ದರು. ಇಬ್ಬರಿಗೂ ಸಮನಾಗಿ ದೂರವಾದ ನುಡಿ ಅದು. ಅದರಲ್ಲಿ ಉತ್ತರ ಓದಿದರೆ ಯಾರ ಮನಸ್ಸೂ ನೋಯುವುದಿಲ್ಲ, ಯಾರ ಮನಸ್ಸೂ ಅಲುಗುವುದೂ ಇಲ್ಲ. ಕನ್ನಡದಲ್ಲೇ ಆದರೂ ಪುಸ್ತಕದ ಕನ್ನಡ ಸಾಲದು. ಚರ್ಚಿನ ಕನ್ನಡದಲ್ಲಿ ‘ವಿಶ್ವಾಸಿಸುತ್ತೇನೆ’ ಎಂಬುದೊಂದು ಕ್ರಿಯಾಪದವುಂಟು. ಯಾವ ಕನ್ನಡಿಗನೂ ತನ್ನ ಹೆಂಡತಿಯನ್ನಾಗಲಿ ನೆರೆಯವನನ್ನಾಗಲಿ ‘ವಿಶ್ವಾಸಿಸಿದ’ವನಲ್ಲ. ಅವನು ‘ನಂಬು’ತ್ತಾನೆ, ನಂಬಿ ಸಾಲ ಕೊಡುತ್ತಾನೆ, ನಂಬಿ ಮೋಸಹೋಗುತ್ತಾನೆ, ಆದರೂ ಮತ್ತೆ ನಂಬುತ್ತಾನೆ. ಈ ಅನುಭವವೆಲ್ಲ ಆ ಪುಟ್ಟ ಕ್ರಿಯಾಪದದಲ್ಲಿ ಅಡಗಿದೆ. ಪುಸ್ತಕದ ಮಾತನ್ನು ಮನೆಯ ಮಾತಿಗೆ ಇಳಿಸಿ ತೋರಿಸುವುದೇ ಸಿದ್ಧತೆಯ ತರಗತಿಯ ಮೊದಲ ಕೆಲಸವೆಂದು ನಾನು ತಿಳಿಯುತ್ತೇನೆ.

ಮೊದಲ ಪ್ರಶ್ನೆಯಾದ ಹೆಸರಿನ ವಿಚಾರವೂ ಇದಕ್ಕೆ ಹೊರತಲ್ಲ. 1917ರ ಕಾನೂನಿನಂತೆ ಮಗುವಿಗೆ ಕ್ರೈಸ್ತ ಹೆಸರೇ ಆಗಬೇಕಿತ್ತು. ಹೆತ್ತವರು ಒಪ್ಪದಿದ್ದರೆ ಗುರುವೇ ಒಬ್ಬ ಸಂತನ ಹೆಸರನ್ನು ಸೇರಿಸಿ ಎರಡನ್ನೂ ದಾಖಲೆ ಪುಸ್ತಕದಲ್ಲಿ ಬರೆಯುತ್ತಿದ್ದ. 1983ರ ಸಂಹಿತೆ ಸಡಿಲಗೊಳಿಸಿ, ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡವೆಂದಷ್ಟೇ ಹೇಳಿತು. ಆದರೆ ಕಟ್ಟು ಬಿಗಿಯಾಗಿದ್ದ ಕಾಲದಲ್ಲಿಯೇ ನಮ್ಮ ಹಳ್ಳಿಗರು ಸಂತರನ್ನು ಈ ನೆಲದವರನ್ನಾಗಿ ಮಾಡಿಕೊಂಡಿದ್ದರು. ಪೇತ್ರ ರಾಯಪ್ಪನಾದ, ಪೌಲ ಚಿನ್ನಪ್ಪನಾದ, ಇಗ್ನೇಷಿಯಸ್ ಇನ್ನಾಸಪ್ಪನಾದ. ತಮಿಳುನಾಡಿನ ದಾರಿಯಾಗಿ ಬಂದ ಈ ಹೆಸರುಗಳು ಇಲ್ಲಿ ಬೇರೂರಿದವು. 1745ರಲ್ಲಿ ಸ್ನಾನ ಪಡೆದು, 2022ರಲ್ಲಿ ಸಂತಪದವಿಗೇರಿದ ತಿರುವಾಂಕೂರಿನ ಗೃಹಸ್ಥನ ಹೆಸರು ದೇವಸಹಾಯ. ಅದು ಬೈಬಲಿನ ಲಾಜರನ ಹೆಸರಿನ ಅನುವಾದ. ಹೆಸರಿಗೆ ಅರ್ಥವಿರಬೇಕು, ಆ ಅರ್ಥ ಕರೆಯುವವರಿಗೆ ತಿಳಿದಿರಬೇಕು ಎಂಬ ವಿವೇಕ ಇದು. ಇಂದು ಫೋನಿನಲ್ಲಿ ಹುಡುಕಿ, ಯಾವ ನುಡಿಯಲ್ಲೂ ಅರ್ಥವಿಲ್ಲದ ಎರಡಕ್ಷರವನ್ನು ತಂದಿಡುವಾಗ ಬಾಗಿಲಲ್ಲಿ ಗುರು ಕೇಳುವ ಮೊದಲ ಪ್ರಶ್ನೆಗೇ ನಾವು ಶಾಸ್ತ್ರಕ್ಕೆ ಉ‌ತ್ತರ ಕೊಟ್ಟಂತಾಗುವುದಿಲ್ಲವೆ?

ಆದುದರಿಂದ ನನ್ನ ಸಲಹೆಗಳು ಕೆಲವೇ. ಒಂದು ಗಂಟೆಯ ಉಪನ್ಯಾಸವಾಗಿ ಈ ತರಗತಿ ಇರಬಾರದು. ಸಾಧ್ಯವಾದರೆ ಗುರುಗಳೋ ಧರ್ಮೋಪದೇಶಕರೋ ಮನೆಗೆ ಹೋಗಬೇಕು, ತೊಟ್ಟಿಲ ಪಕ್ಕದಲ್ಲಿ ಕುಳಿತು ಮಾತಾಡಬೇಕು. ಮರುದಿನ ಕೇಳಲಿರುವ ಪ್ರಶ್ನೆಗಳನ್ನು ಮುಂಚೆಯೇ ಮನೆಯ ನುಡಿಯಲ್ಲಿ ಓದಿ ಹೇಳಬೇಕು. ಉತ್ತರವನ್ನು ಮಾತ್ರ ಹೇಳಿಕೊಡಬಾರದು. ಪ್ರಶ್ನೆಯನ್ನು ಹೇಳಿ ಉತ್ತರವನ್ನು ಬಚ್ಚಿಡುವುದೇ ಒಳ್ಳೆಯ ಮೇಷ್ಟ್ರ ಲಕ್ಷಣ. ಹೆತ್ತವರಲ್ಲಿ ಒಬ್ಬರು ಬೇರೆ ಧರ್ಮದವರಾಗಿದ್ದರೆ ಅವರನ್ನೂ ಗೌರವದಿಂದ ಕರೆದು ಕೂರಿಸಬೇಕು. ಮಗು ಅವರದೂ ಹೌದು. ಅಜ್ಜಿ ಮುತ್ತಜ್ಜಿಯರನ್ನು ಬಿಡಬಾರದು. ಪ್ರಾರ್ಥನೆಯ ಮೊದಲ ಮಾತು ಮಗುವಿನ ಕಿವಿಗೆ ಬೀಳುವುದು ಬಹುಶಃ ಅವರಿಂದಲೇ. ಇನ್ನು ಜ್ಞಾನತಂದೆಯಾದವನು ಸರ ಕೊಟ್ಟು ಮರೆಯದೆ, ವರ್ಷಕ್ಕೊಮ್ಮೆ ಆ ದಿನ ಬಂದಾಗಲಾದರೂ ಮಗುವಿನ ಮನೆಗೆ ಹೋಗಿ, ಎತ್ತಿಟ್ಟ ಆ ಮೊಂಬತ್ತಿಯನ್ನು ಹೊತ್ತಿಸಬೇಕು. ಈ ಕಡೆಯ ಸಲಹೆ ನನಗೇ ನಾನು ಕೊಟ್ಟುಕೊಂಡದ್ದು.

ಆ ಶನಿವಾರ ಗುರುಗಳು ಒಂದು ತೀರ್ಮಾನ ಹೇಳಿದರು: “ನೀನು ಕನ್ನಡದಲ್ಲಿ ಹೇಳು. ಆಕೆ ಕೊಂಕಣಿಯಲ್ಲಿ ಹೇಳಲಿ. ನನಗೆ ಎರಡೂ ತಿಳಿಯುತ್ತದೆ, ದೇವರಿಗೂ ತಿಳಿದೀತು. ಪುಸ್ತಕದ ಮಾತೇ ಆಗಬೇಕೆಂದಿಲ್ಲ, ಬೇರೆ ಮಾತಿನಲ್ಲೂ ಹೇಳಬಹುದೆಂದು ವಿಧಿಯಲ್ಲೇ ಇದೆ. ರಾತ್ರಿ ಯೋಚನೆ ಮಾಡಿ ಬನ್ನಿ.” ಇಷ್ಟು ಹೇಳಿ ನಮ್ಮನ್ನು ಕಳುಹಿಸಿದರು.

ಭಾನುವಾರ ಬಾಗಿಲಲ್ಲಿ ಪ್ರಶ್ನೆ ಬಂದಿತು. ನನ್ನ ಶಿಷ್ಯನ ಕೈಯಲ್ಲಿ ಪುಸ್ತಕವಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಪರೀಕ್ಷೆಯಲ್ಲಿ ಉತ್ತರ ಮರೆತ ಹುಡುಗನಂತೆ ಅವನು ಕಂಡುದರಿಂದ ಹೇಳಿಕೊಡೋಣವೆ ಎಂದು ನನ್ನ ಹಳೆಯ ಚಾಳಿ ಎದ್ದಿತು; ತಡೆದುಕೊಂಡೆ. ಆಮೇಲೆ ಅವನು, “ನಂಬಿಕೆ ಬೇಕು, ಫಾದರ್. ನಮಗಿರೋದಕ್ಕಿಂತ ಸ್ವಲ್ಪ ಜಾಸ್ತಿ ನಂಬಿಕೆ” ಎಂದ. ಅವನ ಹೆಂಡತಿ ತನ್ನ ನುಡಿಯಲ್ಲಿ ಏನೋ ಹೇಳಿದಳು. ನನಗೆ ಪೂರ್ತಿ ತಿಳಿಯಲಿಲ್ಲ, ಆಕೆಯ ದನಿ ನಡುಗಿದ್ದು ಮಾತ್ರ ತಿಳಿಯಿತು. ಮುತ್ತಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡರು. ಇಷ್ಟು ವರ್ಷಗಳ ಮೇಲೆ ಅವರಿಗೆ ಆ ಬಾಗಿಲಲ್ಲಿ ಏನು ಕೇಳುತ್ತಾರೆ, ಏನು ಹೇಳುತ್ತಾರೆ ಎಂಬುದು ತಿಳಿದಿತ್ತು.

ಅದೂ ಶಾಸ್ತ್ರವೇ, ಆದರೆ ಆ ಮಾತಿನ ಹಳೆಯ ಅರ್ಥದಲ್ಲಿ. ಇಳಿದುಹೋದ ಶಬ್ದವನ್ನು ಮತ್ತೆ ಮೇಲಕ್ಕೆತ್ತುವುದು ನಿಘಂಟುಕಾರರಿಂದ ಆಗುವ ಕೆಲಸವಲ್ಲ. ಕೇಳಿದ ಪ್ರಶ್ನೆಗೆ ತನ್ನ ನುಡಿಯಲ್ಲಿ, ತಡವರಿಸಿಕೊಂಡಾದರೂ ನಿಜವನ್ನು ಹೇಳುವ ಒಬ್ಬ ತಂದೆ, ಒಬ್ಬ ತಾಯಿ ಸಾಕು. ಉಳಿದ ಧರ್ಮಗಳ ಮನೆಗಳಲ್ಲಿಯೂ ತೊಟ್ಟಿಲು ತೂಗುವ ದಿನ, ಅಕ್ಷರಾಭ್ಯಾಸದ ದಿನ ಇಂಥ ಪ್ರಶ್ನೆಗಳು ಮಂತ್ರಗಳ ನಡುವೆ ಅಡಗಿ ಕಾಯುತ್ತಿರುತ್ತವೆ. ಅವುಗಳಿಗೆ ಉತ್ತರ ಹೇಳಬೇಕಾದವರು ಕೂಸುಗಳಲ್ಲ, ನಾವು.